ಗಾಯಾ ಊರಿನ ಕಡವು

ಸೇತುವೆ ಮುಚ್ಚಿದ ದಿನ ನಾನು ಅಳಲಿಲ್ಲ.
ಸುಳ್ಳೇಕೆ ಹೇಳಲಿ,
ದೋಣಿಗೆ ಡಾಂಬರು ಬಳಿದೆ, ಎರಡು ಹುಟ್ಟು ಕಡ ತಂದೆ,
ದರ ಕಟ್ಟಿದೆ:
ಮೂಟೆಗೆ ಇಷ್ಟು, ತಲೆಗೆ ಇಷ್ಟು,
ಕುರಿಗೆ ಅರ್ಧ, ಕಂಕುಳ ಕೂಸಿಗೆ ಬಿಟ್ಟಿ.

ಆಮೇಲೆ ಒಂದು ಸಂಜೆ ರೇಡಿಯೊ ಹೇಳಿತು:
ಒಕ್ಕೂಟದಿಂದ ನಾವು ಹೊರಗೆ ಬಂದೆವು.
ಹೊರಗೆ ಅಂದರೆ ಎಲ್ಲಿಗೆ? ಕೇಳಿದಳು ಹಾಜೋ,
ಗಲ್ಮಿಯ ಕೆಂಪು ಈರುಳ್ಳಿಯ ಹಾಜೋ,
ಮೂವತ್ತು ವರ್ಷ ದಕ್ಷಿಣದ ಸಂತೆಗಳಿಗೆ
ಲಾರಿಗಟ್ಟಲೆ ಕಳಿಸಿದವಳು.
ರೇಡಿಯೊ ಅಷ್ಟರಲ್ಲಿ ಕುಸ್ತಿಯ ಸುದ್ದಿಗೆ ಹೋಗಿತ್ತು.

ಈರುಳ್ಳಿಗೆ ಕಾಯುವ ಬುದ್ಧಿಯಿಲ್ಲ.
ತಾಡಪಾಲಿನಡಿ ಮೂರನೆಯ ದಿನ ಮೂಟೆ ಬೆವರುತ್ತದೆ,
ಆರಕ್ಕೆ ಮೊಳಕೆ,
ಹತ್ತನೆಯ ದಿನ ಲಾರಿಯ ಸಾಲು ಎಲ್ಲಿದೆಯೆಂದು
ಕುರುಡನೂ ಬೆರಳು ತೋರಿಸುತ್ತಾನೆ.
ಆ ಸಾಲಿನಲ್ಲಿ ನಲವತ್ತೊಂದನೆಯವನು
ನನ್ನ ಅಕ್ಕನ ಗಂಡ ಸುಮಾನ.
ಚಕ್ರದ ನೆರಳಲ್ಲೇ ಚಹಾ, ನಮಾಜು, ನಿದ್ದೆ.
ಟೈರಿನ ಸಂದಿಯಲ್ಲಿ ಕೋಳಿ ಕಾವಿಗೆ ಕೂತಿದೆ ನೋಡು,
ಇನ್ನು ಹೊರಡು ಅಂದರೂ ಹೊರಡುವಂತಿಲ್ಲ, ಎಂದು ನಕ್ಕ.
ಅದು ಮೊದಲ ತಿಂಗಳು.

ಆಚೆ ದಡದ ಅಕ್ಕಿ ಈಚೆ ಮುಟ್ಟುವಷ್ಟರಲ್ಲಿ
ಬಂಗಾರದ ಬಿಂಕ ಕಲಿತಿರುತ್ತದೆ.
ಬಂದರಿನ ಸಿಮೆಂಟು ಬೇರೆ ದೇಶ ಸುತ್ತಿ ಬರಬೇಕಂತೆ,
ನಮ್ಮ ಶಾಲೆಯ ಗೋಡೆ
ಎದೆಮಟ್ಟಕ್ಕೆ ಎದ್ದು, ಯೋಚಿಸುತ್ತ ನಿಂತಿದೆ.
ಮಕ್ಕಳು ಹಾರಿ ಒಳಹೋಗುತ್ತಾರೆ.

ನೋಟು ಮಾತ್ರ ಎರಡೂ ದಡಕ್ಕೆ ಒಂದೇ!
ಅದೇ ಗರಗಸಮೀನಿನ ಚಿತ್ರ, ಅದೇ ಮಾಸಿದ ಮಡಿಕೆ.
ಆಚೆ ಸುಂಕದವನ ಅಂಗೈಗೊಂದು, ಈಚೆಯವನಿಗೊಂದು,
ಮೀನು ಸಲೀಸಾಗಿ ಈಜುತ್ತದೆ.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡವಳು
ಹಾಜೋ ಒಬ್ಬಳೇ. ಅವನು ಪೂರ್ತಿ ಕೇಳಿದ,
ಮೂಟೆ ಎಷ್ಟೆಂದ.

ನನಗೋ, ಮನೆಗೆ ತಗಡಿನ ಮಾಡು ಬಂತು.
ಬಿಸಿಲಿಗೆ ಅದು ಟಣ್ಣೆಂದಾಗಲೆಲ್ಲ
ಯಾರೋ ಬಾಗಿಲು ಬಡಿದರೆಂದು ಹೆಂಡತಿ ಏಳುತ್ತಾಳೆ.

ನಿನ್ನೆ ರಾತ್ರಿ ನಿಜಕ್ಕೂ ಯಾರೋ ಬಡಿದರು.
ಸುಮಾನ. ಕೈಯಲ್ಲಿ ಒಂದು ಚೀಲ.
ಲಾರಿಯನ್ನು ಕೋಳಿಗೆ ಬಿಟ್ಟುಬಂದೆ, ಅಂದ,
ಮಲನ್‌ವಿಲ್‌ನಲ್ಲಿ ಹಮಾಲಿ ಕೆಲಸ ಉಂಟಂತೆ.
ನಡುಹೊಳೆಯ ತನಕ ಮಾತಿಲ್ಲ,
ನೀರು ಹಲಗೆಗೆ ಒರೆಸುವ ಸದ್ದು.
ದಡ ತಾಗಿತು. ಅವನು ಇಳಿದ.
ಕತ್ತಲಲ್ಲಿ ನನ್ನ ಕೈ,
ನಾನು ಹೇಳಿಕೊಡದೆಯೇ, ಮುಂದೆ ಚಾಚಿ ನಿಂತಿತ್ತು.

ಅವನು ನೋಡಿದ. ಜೇಬು ತಡಕಿದ.
ಮೂಟೆಗೆ ಇಷ್ಟು, ತಲೆಗೆ ಇಷ್ಟು, ಕುರಿಗೆ ಅರ್ಧ.
ಭಾವನಿಗೆ ಎಷ್ಟೆಂದು
ನಾನು ದರ ಕಟ್ಟಿರಲಿಲ್ಲ.