ಒಂದು ಕಿಲೋಗೆ ಹತ್ತು ಗ್ರಾಂ ಕಡಿಮೆ

ಹುಬ್ಬಳ್ಳಿಯ ಅಂಗಡಿಯವ ಎರಡು ಲೆನ್ಸು ಕೊಟ್ಟು ಕಳಿಸಿದ್ದ,
ನಾಲ್ಕು ದಿನ ಇಟ್ಟುಕೊಳ್ಳಿ, ಒಂದನ್ನು ವಾಪಸು ಮಾಡಿ ಎಂದು.
ಎರಡೂ ಎಂಬತ್ತೈದೇ. ಎರಡೂ ಮುಖ ತೆಗೆಯಲಿಕ್ಕೇ ಹುಟ್ಟಿದವು.
ಒಂದು ಅಂಗೈಯಲ್ಲಿ ಅಡಗುವ ಕುಡಿಕೆ,
ಇನ್ನೊಂದು ತುಂಬಿದ ತಂಬಿಗೆ.

ಬೈತಖೋಲದ ಬಂದರಿನಲ್ಲಿ, ಬೆಳಗಿನ ಆರೂವರೆಗೆ,
ಶೇವಂತಿ ತಾಂಡೇಲ ಕೇಳಿದಳು: "ಇದೆಂತ ಮಾರಾಯ್ತಿ,
ಕ್ಯಾಮೆರಾಕ್ಕೆ ಸೊಂಡಿಲು ಬಂದದ್ದು?"
ಕೈಯಿಂದ ಕಿತ್ತುಕೊಂಡು
ತಕ್ಕಡಿಯ ಒದ್ದೆ ತಟ್ಟೆಯನ್ನು ಸೆರಗಿನಲ್ಲಿ ಒರೆಸಿ
ಇಟ್ಟೇಬಿಟ್ಟಳು. ನನ್ನ ಜೀವ ಬಾಯಿಗೆ ಬಂತು.
ಕೆಂಪು ಅಂಕಿಗಳು ಓಡಿ ಓಡಿ ನಿಂತವು:
ಒಂದು ಕಿಲೋಗೆ ಹತ್ತು ಗ್ರಾಂ ಕಡಿಮೆ.
"ಚಿಪ್ಪು ತೆಗೆದು ತೂಗಲಾ?" ಮುಚ್ಚಳ ತೋರಿಸಿ ನಕ್ಕಳು.
"ಇಷ್ಟಕ್ಕೆ ಏಳು ಬಂಗಡೆ ಬರ್ತದೆ. ಇದಕ್ಕೆ ಎಷ್ಟು ಕೊಡ್ತಿ?"
ನಾನು ಹೇಳಲಿಲ್ಲ. ಹೇಳಿದ್ದರೆ
ಬೋಟಿನ ಎಂಜಿನ್ನಿನ ಲೆಕ್ಕ ತೆಗೆಯುತ್ತಿದ್ದಳು.

ಚಿಕ್ಕದು ನಾನೂರ ಇಪ್ಪತ್ತು. "ಇದು ಮರಿ," ಎಂದಳು,
"ಬಲೆಗೆ ಬಿದ್ದರೂ ಬಿಟ್ಟುಬಿಡುವಂಥದ್ದು."

ಮದುವೆ ಮನೆಗಳಲ್ಲಿ ಹನ್ನೊಂದು ವರ್ಷ ಭಾರ ಹಿಡಿದ ನನ್ನ ಬಲ ಮಣಿಕಟ್ಟು
ಈಗ ಮಳೆಗೆ ಎರಡು ದಿನ ಮೊದಲೇ ನೋಯುತ್ತದೆ.
ಕೋಡಿಬಾಗದ ಡಾಕ್ಟರು ಪಟ್ಟಿ ಕಟ್ಟಿ, ಭಾರ ಎತ್ತಬೇಡಿ ಎಂದರು.
ಶೇವಂತಿಗೂ ಅದನ್ನೇ ಅಂದಿದ್ದರಂತೆ, ಕುತ್ತಿಗೆಗೆ.
ಬುಟ್ಟಿಯನ್ನು ಆಸ್ಪತ್ರೆಯ ಜಗಲಿಯಲ್ಲಿಟ್ಟು ಒಳಗೆ ಹೋದವಳು
ಎಲ್ಲ ಕೇಳಿ, ಹೂಂ ಎಂದು,
ಮತ್ತೆ ತಲೆಗೇರಿಸಿಕೊಂಡು ಹೊರಟಳಂತೆ.

ಆದರೂ ದೊಡ್ಡದು ದೊಡ್ಡದೇ.
ಅದರೊಳಗಿಂದ ನೋಡಿದರೆ ಶೇವಂತಿಯ ರೆಪ್ಪೆಯ ಮೇಲೆ
ಮೀನಿನ ಒಂದು ಹುರುಪೆ ಮಿನುಗುತ್ತದೆ,
ಅವಳ ಕಿವಿಯಿಂದಾಚೆಗೆ ಲೋಕವಿಲ್ಲ.
ಬೋಟು, ಐಸಿನ ಗಾಡಿ, ಕಾಗೆ, ಬೆಕ್ಕು, ಲೈಟ್‌ಹೌಸಿನ ನಡುಗಡ್ಡೆ,
ಎಲ್ಲ ಕರಗಿ ಬಣ್ಣದ ಗಂಜಿ.
ಒಂದು ಬಂದರನ್ನು ಅಳಿಸಲು
ಒಂದು ಕಿಲೋ ಗಾಜು ಬೇಕಾಗುತ್ತದೆ.

ಆ ಕರಿ ಬಾವಿ ತನ್ನತ್ತ ತಿರುಗಿದ್ದೇ
ಶೇವಂತಿ ಗದ್ದ ಎತ್ತಿ, ಉಸಿರು ಕಟ್ಟಿ
ಆಧಾರ್ ಕಾರ್ಡಿನವಳಾದಳು.
ಚಿಕ್ಕದಕ್ಕೆ ಹೆದರಲಿಲ್ಲ. ಬೈಯುತ್ತಲೇ ಇದ್ದಳು,
ಗಿರಾಕಿಗೋ, ನನಗೋ, ಕಾಗೆಗೋ.

ಗುರುವಾರ ಎರಡೂ ಪ್ರಿಂಟು ಹಾಕಿಸಿ ಒಯ್ದೆ.
ದೊಡ್ಡದರದ್ದು ನೋಡಿ ಬಹಳ ಹೊತ್ತು ಸುಮ್ಮನಿದ್ದಳು.
"ಚಂದ ಇದೆ. ಸತ್ತ ಮೇಲೆ ಹಾರ ಹಾಕಲಿಕ್ಕೆ ಇರಲಿ.
ನನ್ನ ಬುಟ್ಟಿ ಎಲ್ಲಿ ಹೋಯ್ತು?"
ಚಿಕ್ಕದರದ್ದನ್ನು ಕಣ್ಣಿಗೆ ಹತ್ತಿರ ಹಿಡಿದವಳು
ಒಮ್ಮೆಲೇ ಎದ್ದು ನಿಂತಳು:
"ಏ ಕುಸುಮಾ! ಬಾ ಇಲ್ಲಿ! ನಾನು ಫೋಟೋಕ್ಕೆ ನಿಂತಾಗ
ನನ್ನ ಗಿರಾಕಿಗೆ ಕೈ ಮಾಡ್ತಿ ಅಲ್ಲ ನೀನು?"

ಸಂಜೆ ದೊಡ್ಡದನ್ನು ಹತ್ತಿಯಲ್ಲಿ ಸುತ್ತಿ ಹುಬ್ಬಳ್ಳಿ ಬಸ್ಸಿಗೆ ಕೊಟ್ಟೆ,
"ಗಾಜು, ಮೆಲ್ಲಗೆ" ಎಂದು ಕಂಡಕ್ಟರನಿಗೆ ಎರಡು ಸಲ ಹೇಳಿ.
ಮರಿ ಈಗ ಕೈಚೀಲದಲ್ಲಿ, ಬೀಗದ ಕೈ, ನೋವಿನ ಮುಲಾಮಿನ ಜೊತೆ.
ಹಗುರ. ಎಷ್ಟೆಂದರೆ, ನಡೆಯುತ್ತ ನಡೆಯುತ್ತ
ಇದೆಯೋ ಇಲ್ಲವೋ ಎಂದು
ಮುಟ್ಟಿ ನೋಡಿಕೊಳ್ಳುತ್ತೇನೆ.