ಮೊಳೆಯ ಲೆಕ್ಕ

ಗುಡ್ಡಕ್ಕೆ ನಲವತ್ತು ಮೊಳೆ ಹೊಡೆದವನು ನಾನೇ,
ಮೇ ತಿಂಗಳ ಕೊನೆಗೆ, ಉಳವಿಯಿಂದ ಈಚೆ,
ಶುಂಠಿಗೆ ಗುತ್ತಿಗೆ ಕೊಟ್ಟ ಇಳಿಜಾರಿನಲ್ಲಿ.
ಮೊಳೆಯ ತಲೆ ಮಣ್ಣಿಗೆ ಸಮ.
ಮಳೆ ಮಣ್ಣು ಒಯ್ದರೆ ಮೊಳೆ ಮೇಲೆ ಕಾಣಬೇಕು,
ಕಂಡಷ್ಟು ನಷ್ಟ.
ಇಷ್ಟು ಸರಳ ಉಪಕರಣ ನಮ್ಮ ಆಫೀಸಿನಲ್ಲಿ ಇನ್ನೊಂದಿಲ್ಲ.
ಬಿಲ್ಲು ಇನ್ನೂ ಪಾಸಾಗಿಲ್ಲ.

ಶಿವಮೊಗ್ಗದ ಕಂಪ್ಯೂಟರಿನೊಳಗೆ
ಇದೇ ಗುಡ್ಡ ಚೌಕ ಚೌಕ,
ಒಂದೊಂದು ಚೌಕ ಮೂವತ್ತು ಮೀಟರು.
ಮಳೆಯ ಹೊಡೆತಕ್ಕೊಂದು ಅಂಕಿ, ಮಣ್ಣಿನ ಜಿಗುಟಿಗೊಂದು,
ಇಳಿಜಾರಿನ ಉದ್ದಕ್ಕೆ, ಕಡಿದಿಗೆ, ಮೇಲಿನ ಹಸಿರಿಗೆ,
ಕೊನೆಗೆ ಬದುವಿಗೆ.
ಬದು ಇದ್ದರೆ ಸೊನ್ನೆಗೂ ಒಂದಕ್ಕೂ ನಡುವಿನ ಭಿನ್ನರಾಶಿ;
ಇಲ್ಲದಿದ್ದರೆ ಒಂದು.
ಮೊದಲ ವರ್ಷ ಇದು ನನ್ನ ತಲೆಗೆ ಹೋಗಿರಲಿಲ್ಲ:
ಇಲ್ಲ ಅನ್ನುವುದಕ್ಕೆ ಸೊನ್ನೆಯಲ್ಲ, ಒಂದು.
ಎಷ್ಟು ಗುಣಿಸಿದರೂ ಏನನ್ನೂ ತಡೆಯದ ಒಂದು.

ಈ ಗುಡ್ಡದ ಬದುಗಳನ್ನು ಜೆಸಿಬಿ
ಒಂದೇ ಮಧ್ಯಾಹ್ನದಲ್ಲಿ ಮುಗಿಸಿತ್ತು.
ಮಡಿಗಳೆಲ್ಲ ಮೇಲಿಂದ ಕೆಳಕ್ಕೆ, ತಲೆ ಬಾಚಿದ ಹಾಗೆ.
ನೀರು ನಿಂತರೆ ಶುಂಠಿಗೆ ಕೊಳೆ,
ನೀರು ಓಡಿದರೆ ಗುಡ್ಡಕ್ಕೆ.
ನಕ್ಷೆ ಕೆಂಪು ತೋರಿಸಿತು. ಆಶ್ಚರ್ಯವಾಗಲಿಲ್ಲ.

ಆದದ್ದು ಆಗಸ್ಟಿನಲ್ಲಿ.
ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಉಂಬಳ ಕೀಳುತ್ತ,
ಮೊಳೆಯಿಂದ ಮೊಳೆಗೆ ಸ್ಕೇಲು ಹಿಡಿದು ಕುಕ್ಕರುಗಾಲಲ್ಲಿ ಹೋದೆ:
ಸೊನ್ನೆ. ಸೊನ್ನೆ. ಸೊನ್ನೆ.
ಕೆಳಗೆ ಕೆರೆ ಚಹಾದ ಬಣ್ಣ,
ಕೋಡಿಯಲ್ಲಿ ಕೆಂಪು ನೊರೆ,
ಮೇಲೆ ನಲವತ್ತು ಮೊಳೆಯೂ
ಹೊಡೆದ ದಿನದಂತೆಯೇ ಮಣ್ಣಿಗೆ ಸಮ.
ಸೂತ್ರ ತಪ್ಪೋ, ಗುಡ್ಡ ಸುಳ್ಳೋ.

ಕಳೆ ಕೀಳುತ್ತಿದ್ದ ಗುತ್ಯಮ್ಮ ಅಂದರು,
"ಆ ಮೊಳೆನಾ? ಮೇಲೆ ಬರ್ತಾ ಇದ್ವು ಮಾರಾಯ್ರೇ,
ಬರಿಗಾಲಲ್ಲಿ ಓಡಾಡೋರು ನಾವು, ಚುಚ್ಚಲ್ವಾ?
ಎದ್ದಾಗೆಲ್ಲ ಕಲ್ಲು ತಗಂಡು ಬಡ್ದು ಕೂರ್ಸಿದೀನಿ.
ನಿಮ್ ಸಾಮಾನೂ ಕಳ್ದು ಹೋಗ್ಬಾರ್ದಲ್ಲ."

ಒದ್ದೆ ಮಡಿಯ ಮೇಲೆ ಕೂತುಬಿಟ್ಟೆ.
ಮೂರು ತಿಂಗಳ ಅಳತೆ.
ಆಮೇಲೆ, ಏನೋ ತೋಚಿ, ಕೇಳಿದೆ:
ಎಷ್ಟೆಷ್ಟು ಎದ್ದಿದ್ದವು?

ಕೈ ನಿಲ್ಲಿಸದೆ ಹೇಳಿದರು.
ಆರಿದ್ರೆಲಿ ಅರ್ಧ ಅಕ್ಕಿಕಾಳು.
ಪುನರ್ವಸುಲಿ ಒಂದು, ಕೆರೆ ಕಡೆ ಸಾಲಲ್ಲಿ ಒಂದೂವರೆ.
ಪುಷ್ಯದಲ್ಲಿ ಮತ್ತೊಂದು.
ಆ ಮತ್ತಿ ಬುಡದ್ದು ಒಂದು ಸಲವೂ ಏಳಲಿಲ್ಲ,
ಅದನ್ನ ನಾ ಮುಟ್ಟಿಲ್ಲ.

ಅವರ ಮನೆಯದೇ ಹಿಡಿ ಅಕ್ಕಿ ಕೇಳಿ ತಂದು
ಸೊರಬದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ
ಪೇಪರಿನ ಮೇಲೆ ಹರವಿ ಅಳೆದೆ:
ದಪ್ಪ ಕೆಂಪಕ್ಕಿ, ಸರಾಸರಿ ಆರು ಮಿಲಿಮೀಟರು.
ಗುಣಿಸಿದೆ. ಹೆಕ್ಟೇರಿಗೆ ಬಂದ ಟನ್ನು
ಮಾದರಿ ಹೇಳಿದ್ದಕ್ಕಿಂತ ಎಷ್ಟೋ ಮೇಲೆ.
ನಕ್ಷೆಯಲ್ಲಿ ಕೆಂಪಿನಾಚೆಗೆ
ನಾನು ಬಣ್ಣವನ್ನೇ ಇಟ್ಟಿರಲಿಲ್ಲ.

ಸಾಹೇಬರು ಕನ್ನಡಕ ಏರಿಸಿ ಕೇಳಿದರು,
ಏಕಮಾನದ ಕಾಲಮ್ಮಿನಲ್ಲಿ ಇದೇನ್ರೀ, ಅಕ್ಕಿಕಾಳು?
ಅಳಿಸಿ ಮಿಲಿಮೀಟರು ಎಂದು ಬರೆದೆ.
ಉಪಕರಣ ಎಂಬಲ್ಲಿ ಮಾತ್ರ ಹಾಗೇ ಬಿಟ್ಟೆ:
ಮೊಳೆ ನಲವತ್ತು, ಕಲ್ಲು ಒಂದು, ಗುತ್ಯಮ್ಮ.

ಈ ಮೇಯಲ್ಲಿ ಮೊಳೆಗಳ ಜೊತೆ
ಎರಡು ಜೊತೆ ರಬ್ಬರ್ ಚಪ್ಪಲಿ ಒಯ್ದೆ,
ಒಂದು ನನ್ನ ಕಣ್ಣಳತೆ, ಇನ್ನೊಂದು ಅದು ತಪ್ಪಿದರೆ.
ಎರಡೂ ದೊಡ್ಡದಾದವು.
ಶುಂಠಿಯವರು ಹೋದ್ರು, ಅಂದರು ಗುತ್ಯಮ್ಮ,
ಮೂಡಣದ ಗುಡ್ಡಕ್ಕೆ.
ಕೈ ಎತ್ತಿ ತೋರಿಸಿದ ಕಡೆ ಜೆಸಿಬಿಯ ಸದ್ದು.
ನನ್ನ ನಕ್ಷೆಯಲ್ಲಿ ಅದಿನ್ನೂ ಹಸಿರು.