ಹದಿಮೂರನೇ ಬುಶ್

ತಾರಿಹಾಳದ ಶೆಡ್ಡಿಗೆ ಬಂದದ್ದು
ಹಳೇ ಪೇಪರಿನ್ಯಾಗ ಸುತ್ತಿದ ಸವೆದ ಒಂದು ಬುಶ್,
ಹೆಬ್ಬೆರಳಿನಷ್ಟು. ಕೂಡ ಒಂದು ಡ್ರಾಯಿಂಗ್.
ವಿಮಾನದ ಹೆಸರಿಲ್ಲ, ನಂಬರಷ್ಟ.
ಮಾಡಿದ ಕಂಪನಿ ಮುಚ್ಚಿ ಇಪ್ಪತ್ತು ವರ್ಷ ಆತಂತ,
ವಿಮಾನ ಇನ್ನೂ ಹಾರತೈತಿ.

ಬಾಂಬ್ ಹಾಕೂದಲ್ಲ ಅದು, ಅಂದ್ರು ಬಂದ ಸಾಹೇಬ್ರು.
ಮ್ಯಾಲೆ ಸುತ್ತಿಕೋತ ಕೇಳತೈತಿ,
ಬ್ಯಾರೆಯವರ ರಾಡಾರಿನ ಕಿವಿಗೆ
ಗದ್ದಲ ತುಂಬತೈತಿ.

ನಾನು ಮಾಬೂಸಾಬನ ಮಾರಿ ನೋಡಿದೆ.
ಮೂವತ್ತೊಂದು ವರ್ಷ ಲೇಥಿನ ಮುಂದ ನಿಂತು
ಎಡಗಿವಿ ಪೂರಾ ಹೋಗೇತಿ, ಬಲಗಿವಿ ಅರ್ಧ.
ಸಾಹೇಬ್ರ ಮಾತು ಮುಟ್ಟಿರಲಿಲ್ಲ ಅವಗ.
ಬುಶ್ಶಿನ ಅಂಚಿಗೆ ಉಗುರು ಆಡಿಸಿ
ಶೆಡ್ಡೆಲ್ಲಾ ಕೇಳೂವಂಗ ಒದರಿದ:
‘ಇಲ್ಲೆ ತಿಂದೈತಿ!’

ಹನ್ನೆರಡು ಪಾಸಾದವು. ಹದಿಮೂರನೇದು
ಮೈಕ್ರೋಮೀಟರಿನ್ಯಾಗ ಎರಡು ಗೀಟು ಹೆಚ್ಚು.
ಸೀಮೆಸುಣ್ಣದಿಂದ ನೆಲದ ಮ್ಯಾಲೆ ಬರೆದೆ:
ರಿಜೆಕ್ಟ್, ಕಾಕಾ.
ಓದಿದ. ಎರಡು ದಿನ ನನ್ನ ಕೂಡ ಮಾತಿಲ್ಲ.

ಈಗ ಅದು ಗೇಟಿನಾಚೆ ಗಿರ್ಮಿಟ್ ಗಾಡಿಯೊಳಗ
ಹರಿದ ಪೇಪರು ಹಾರದಂಗ ಕುಂತೈತಿ.
ಮ್ಯಾಲೆ ಏನರ ಹಾದು ಹೋದರ
ನಾನು ತಲಿ ಎತ್ತತೀನಿ. ಅವ ಎತ್ತಂಗಿಲ್ಲ.
ಉಳ್ಳಾಗಡ್ಡಿ ಕಮ್ಮಿ ಹಾಕೀದಿ ಅಂತ
ಗಾಡಿಯವನ ಕೂಡ ಜಗಳ ತೆಗೆದಾನ.